ಹೈಸ್ಕೂಲಲ್ಲಿ ನಡೆಯುವ ಸ್ಲ್ಯಾಷರ್ ಸಿನಿಮಾ, ಒಂದೂವರೆ ಲಕ್ಷದೊಳಗೆ: ನೆತ್ತರು, ಕತ್ತಿ, ಕತ್ತಲೆ, ಸದ್ದು

(ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಪೆರ್ಲ ಪೇಟೆ

ಎಲ್ಲರಿಗೂ ನಮಸ್ಕಾರ. ನಲವತ್ತು ನಿಮಿಷದ ಕನ್ನಡ ಸ್ಲ್ಯಾಷರ್ ಇದು, ಅಂದರೆ ಕೊಲೆಗಾರ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಹೆದರಿಕೆ ಸಿನಿಮಾ. ಕಥೆ ಪೂರ್ತಿ ಒಂದೇ ಶಾಲೆಯೊಳಗೆ. ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಹಳೆ ಹಂಚಿನ ಕಟ್ಟಡ, ಗಾರೆ ಕಾಣದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಪಕ್ಕದಲ್ಲಿ ಹೊಸ ಕಾಂಕ್ರೀಟು ಬ್ಲಾಕು. ಪಾತ್ರ ಏಳು, ಕೊಲೆ ಆರು. ಶೂಟಿಂಗ್ ಕ್ರಿಸ್ಮಸ್ ರಜೆಯಲ್ಲಿ ಏಳು ರಾತ್ರಿ. ಕೈಯಲ್ಲಿರುವುದು ಒಂದು ಮಿರರ್‌ಲೆಸ್ ಕ್ಯಾಮರಾ, 35 ಮತ್ತು 50 ಮಿ.ಮೀ. ಲೆನ್ಸ್, 150 ವಾಟಿನ ಎಲ್‌ಇಡಿ ಎರಡು. ಎಲ್ಲ ಸೇರಿ 1.5 ಲಕ್ಷ ದಾಟುವ ಹಾಗಿಲ್ಲ.

ಕೇಳಬೇಕಾದ್ದು ಇಷ್ಟು. ನೆತ್ತರು ಮಾಡುವ ಸರಿಯಾದ ಅಳತೆ ಯಾವುದು? ಕತ್ತಿ ತಾಗುವ ಶಾಟು ಅಪಾಯ ಇಲ್ಲದೆ ಹೇಗೆ? ಮುರಕಲ್ಲಿನ ಗೋಡೆಗೆ ರಾತ್ರಿ ಬೆಳಕು ಹೇಗೆ ಇಡುವುದು? ಶಾಲೆಯಲ್ಲಿ ಯಾರ ಅನುಮತಿ ಬೇಕು?

ಕುಂಬಳೆ ಕಟ್ಟೆ

ಮೊದಲು ಲೆಕ್ಕ ಮಾಡುವ, ನೆತ್ತರು ಆಮೇಲೆ.

ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಮುಳುಗುದು 6.10ರ ಹೊತ್ತಿಗೆ, ಆಕಾಶ ಪೂರ್ತಿ ಕಪ್ಪಾಗ್ಲಿಕ್ಕೆ ಏಳು ಗಂಟೆ. ಏಳರಿಂದ ನಾಲ್ಕರವರೆಗೆ ಒಂಬತ್ತು ಗಂಟೆ ಸಿಕ್ಕಿತು ಹೇಳಿ ಇಟ್ಟುಕೊಳ್ಳಿ. ಊಟ, ಚಾ, ಜಾಗ ಬದಲಿಸುದು ಇದಕ್ಕೆ ಒಂದೂವರೆ ಗಂಟೆ ಹೋಗ್ತದೆ. ಉಳಿದದ್ದು ಏಳೂವರೆ. ಸಾದಾ ಶಾಟಿಗೆ ಬೆಳಕು, ರಿಹರ್ಸಲ್, ಎರಡು ಮೂರು ಟೇಕ್ ಎಲ್ಲ ಸೇರಿ 25 ನಿಮಿಷ. ನೆತ್ತರಿನ ಶಾಟಿಗೆ 45 ನಿಮಿಷ, ಯಾಕೆ ಹೇಳಿದ್ರೆ ಪ್ರತಿ ಟೇಕ್ ಆದ ಮೇಲೆ ಮುಖ ಒರೆಸಬೇಕು, ಅಂಗಿ ಬದಲಿಸಬೇಕು, ನೆಲ ತೊಳೆಯಬೇಕು. ಅಂದ್ರೆ ರಾತ್ರಿಗೆ 18 ಸಾದಾ ಶಾಟು, ಇಲ್ಲದಿದ್ರೆ 10 ನೆತ್ತರಿನ ಶಾಟು. ಒಂದು ಕೊಲೆ ಸರಿಯಾಗಿ ಕಾಣ್ಬೇಕಾದ್ರೆ ಕಮ್ಮಿಯೆಂದರೂ 12 ಶಾಟು. ಆರು ಕೊಲೆಗೆ 72. ನಿಮ್ಮ ಏಳು ರಾತ್ರಿ ಅಲ್ಲಿಗೇ ಮುಗಿಯಿತು, ಕಥೆ ಹೇಳ್ಲಿಕ್ಕೆ ಒಂದು ರಾತ್ರಿಯೂ ಉಳಿಯುದಿಲ್ಲ.

ಆರನ್ನು ಹೀಗೆ ಒಡೆಯಿರಿ. ಕಣ್ಣೆದುರು ನಡೆಯುದು ಎರಡೇ. ಒಂದು ಬಾಗಿಲಿನ ಆಚೆ, ಸದ್ದು ಮಾತ್ರ. ಉಳಿದ ಮೂರು ಹೆಣ ಸಿಗುವ ದೃಶ್ಯ, ತಲಾ ಎರಡು ಮೂರು ಶಾಟು ಸಾಕು. ಹೆದರಿಕೆ ಹುಟ್ಟುದು ಕತ್ತಿ ಇಳಿಯುವಾಗ ಅಲ್ಲ, ಅದಕ್ಕಿಂತ ಮೊದಲಿನ ಒಂದೂವರೆ ನಿಮಿಷದಲ್ಲಿ.

ಬಣ್ಣದ ಪೆಟ್ಟಿಗೆ

ಕಟ್ಟೆಯವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆರು ಸಾಧಾರಣ ಕೊಲೆಗಿಂತ ಎರಡು ಒಳ್ಳೆಯದು. ಈಗ ನೆತ್ತರು.

ಮೈಮೇಲೆ, ಕತ್ತಿಯ ಮೇಲೆ ಕಾಣುವುದಕ್ಕೆ: ಲಿಕ್ವಿಡ್ ಗ್ಲೂಕೋಸ್ 1 ಕೆ.ಜಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಉಗುರು ಬೆಚ್ಚಗಿನ ನೀರು 200 ಮಿ.ಲೀ. ಹಾಕಿ ಸಡಿಲ ಮಾಡಿ. ರಾಸ್ಬೆರಿ ರೆಡ್ ಬಣ್ಣದ ಪುಡಿ ಒಂದು ಚಮಚ, ಅಂದರೆ ಸುಮಾರು 5 ಗ್ರಾಂ, ಬೇರೆ ಸ್ವಲ್ಪ ನೀರಲ್ಲಿ ಕರಗಿಸಿ ಸೇರಿಸಿ. ನೇರ ಗ್ಲೂಕೋಸಿಗೆ ಸುರಿದರೆ ಗಂಟು ಗಂಟಾಗಿ ಉಳಿಯುತ್ತದೆ. ಇಷ್ಟಕ್ಕೇ ಬಿಟ್ಟರೆ ಅದು ಶರಬತ್ತಿನ ಹಾಗೆ ಆಚೆಯಿಂದೀಚೆ ಕಾಣುತ್ತದೆ. ನಿಜವಾದ ನೆತ್ತರು ಪಾರದರ್ಶಕವಲ್ಲ. ಹಾಗಾಗಿ ಜರಡಿ ಹಿಡಿದ ಕೋಕೋ ಪುಡಿ 10 ಗ್ರಾಂ ನೀರಲ್ಲಿ ಕಲಸಿ ಹಾಕಿ. ನೀಲಿ ಬಣ್ಣ ಎರಡು ಮೂರು ತೊಟ್ಟು, ಹೆಚ್ಚಾದರೆ ನೇರಳೆಗೆ ಹೋಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇಡುವುದಾದರೆ ಕೆ.ಜಿ.ಗೆ 1 ಗ್ರಾಂ ಸೋಡಿಯಂ ಬೆಂಜೋಯೇಟ್, ಜೊತೆಗೆ ಒಂದು ಚಿಟಿಕೆ ಸಿಟ್ರಿಕ್ ಆಮ್ಲ. ಹುಳಿ ಇದ್ದರೇನೇ ಬೆಂಜೋಯೇಟ್ ಚೆನ್ನಾಗಿ ಕೆಲಸ ಮಾಡುವುದು.

ನೆಲದ ಮೇಲೆ ಸುರಿಯುವುದಕ್ಕೆ ಇಷ್ಟು ಖರ್ಚು ಬೇಡ. 1 ಲೀಟರ್ ತಣ್ಣೀರಿಗೆ 50 ಗ್ರಾಂ ಮೈದಾ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ 20–30 ನಿಮಿಷ ಕೈಯಾಡಿಸುತ್ತಾ ಬೇಯಿಸಿ, ಆರಿದ ಮೇಲೆ ಬಣ್ಣ ಹಾಕಿ. ಒಂದು ಲೀಟರಿನಿಂದ ಸುಮಾರು ಎರಡು ಅಡಿ ಅಗಲದ ಮಡು ಆಗುತ್ತದೆ. ಇದರ ದೋಷ ಎರಡು: ಬೆಳಕಿನ ಎದುರು ಅರ್ಧ ಗಂಟೆಯಲ್ಲಿ ಒಣಗಿ ಬಿರಿಯುತ್ತದೆ, ಮರುದಿನಕ್ಕೆ ಹುಳಿ ವಾಸನೆ. ಆಯಾ ರಾತ್ರಿಗೆ ಆಗುವಷ್ಟೇ ಮಾಡಿ.

ಬಾಯಿಯಿಂದ ಬರುವ ನೆತ್ತರಿಗೆ ಬೇರೆ ಸೀಸೆ, ಚೀಟಿ ಅಂಟಿಸಿ ಬೇರೆಯೇ ಇಡಿ. ಅದರಲ್ಲಿ ಗ್ಲೂಕೋಸ್, ಕುಡಿಯುವ ನೀರು, ತಿನ್ನುವ ಬಣ್ಣ, ಕೋಕೋ ಬಿಟ್ಟು ಬೇರೇನೂ ಇರಬಾರದು. ಅಂಗಿ ಮೇಲಿನದಕ್ಕೆ ಲೀಟರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಸೇರಿಸಿದರೆ ಬಟ್ಟೆಯಲ್ಲಿ ಬೇಗ ಹರಡುತ್ತದೆ, ತೊಳೆಯುವಾಗ ಬಿಡುತ್ತದೆ. ಆ ಸೀಸೆ ಈ ಸೀಸೆ ಬದಲಾಗದಂತೆ ಒಬ್ಬರನ್ನೇ ಹೊಣೆಗೆ ನಿಲ್ಲಿಸಿ.

ಸಿಹಿ ಇದ್ದಲ್ಲಿ ಇರುವೆ ಬಂದೇ ಬರುತ್ತದೆ. ಹೆಣವಾಗಿ ಮಲಗಿದವರು ಹತ್ತು ನಿಮಿಷ ಅಲುಗಬಾರದು ಎಂದರೆ ಸುತ್ತ ಮೊದಲೇ ನೆಲ ಒರೆಸಿ, ಶಾಟ್ ಆದ ಕೂಡಲೇ ಅವರನ್ನು ಎಬ್ಬಿಸಿ.

ಬಾಯಾರು ಭಾವ

ಅಕ್ಕಾ, ಅರಶಿನಕ್ಕೆ ಸುಣ್ಣ ಹಾಕಿದ ಓಕುಳಿ ಆಗದಾ? ಮನೆಯಲ್ಲೇ ಉಂಟು, ಖರ್ಚೇ ಇಲ್ಲ. ಬಣ್ಣವೂ ಒಳ್ಳೆ ಕೆಂಪು.

ಬಣ್ಣದ ಪೆಟ್ಟಿಗೆ

ಬೇಡ ಭಾವ. ಅರಶಿನ ಕೆಂಪಾಗುವುದು ಸುಣ್ಣದ ಕ್ಷಾರ ಇರುವಷ್ಟು ಹೊತ್ತು ಮಾತ್ರ. ಗಾಳಿಗೆ ಆರುತ್ತಾ ಸುಣ್ಣದ ಸತ್ವ ಹೋಗುತ್ತದೆ, ಬೆವರು ತಾಗಿದಲ್ಲೂ ತಿರುಗುತ್ತದೆ, ಅಂಚಿನಿಂದ ಹಳದಿ ಏಳುತ್ತದೆ. ಮೊದಲ ಟೇಕಿಗೆ ಕೆಂಪು, ಮೂರನೆಯದಕ್ಕೆ ಅಂಗಿಯಲ್ಲಿ ಅರಶಿನ ಕಲೆ, ಆ ಎರಡನ್ನು ಜೋಡಿಸಲು ಆಗುವುದೇ ಇಲ್ಲ. ಅದಕ್ಕಿಂತ ದೊಡ್ಡ ಮಾತು ಕಣ್ಣು. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ಸುಡುತ್ತದೆ. ಕುಂಕುಮವೂ ಬೇಡ, ಎಣ್ಣೆಯಲ್ಲಿ ಕಲಸಿದರೂ ಪುಡಿ ಪುಡಿಯಾಗಿ ಕಾಣುತ್ತದೆ, ಅದರಲ್ಲಿ ಏನು ಬೆರೆತಿದೆ ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಗಾಯಕ್ಕೆ ಇನ್ನೊಂದು ಮಾತು. ನಮ್ಮ ಕಡೆ ತೋಟ ಇದ್ದವರು ಮರದಿಂದ ಆಗ ತಾನೇ ಇಳಿಸಿದ ರಬ್ಬರು ಹಾಲನ್ನೇ ಮುಖಕ್ಕೆ ಹಚ್ಚುವ ಯೋಚನೆ ಮಾಡುತ್ತಾರೆ. ಅದು ಕೆಲವು ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ, ಒಣಗಿದರೂ ಅಂಟು ಹೋಗುವುದಿಲ್ಲ, ನಾರುತ್ತದೆ. ಕೆಡದಂತೆ ಅಮೋನಿಯ ಹಾಕಿದ ಹಾಲಾದರೆ ಚರ್ಮ ಉರಿ. ಮೇಕಪ್ಪಿಗೆಂದೇ ಬರುವ ಪ್ರಿ-ವಲ್ಕನೈಸ್ಡ್ ಲ್ಯಾಟೆಕ್ಸ್ (ಮೊದಲೇ ಹದ ಮಾಡಿದ ದ್ರವ ರಬ್ಬರು) 100 ಮಿ.ಲೀ. ತರಿಸಿ, ಇಡೀ ಸಿನಿಮಾಕ್ಕೆ ಸಾಕು. ತೆಳ್ಳಗೆ ಒಂದು ಪದರ, ಮೇಲೆ ಹರಿದ ಟಿಶ್ಯೂ ಕಾಗದ, ಮತ್ತೆ ಲ್ಯಾಟೆಕ್ಸ್, ಹೀಗೆ ಮೂರು ನಾಲ್ಕು ಪದರ. ಪ್ರತಿ ಪದರವೂ ಆರಬೇಕು. ನಡುವೆ ಕತ್ತರಿಯ ತುದಿಯಿಂದ ಎತ್ತಿ ಸೀಳಿ, ಒಳಗೆ ಕಡು ಕೆಂಪು, ಅಂಚಿಗೆ ಮೈಬಣ್ಣ. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ 24 ಗಂಟೆ ಕಾಯಿರಿ. ಕೆಂಪಾದರೆ, ತುರಿಸಿದರೆ ಆ ನಟನಿಗೆ ಲ್ಯಾಟೆಕ್ಸ್ ಬೇಡವೇ ಬೇಡ. ಹುಬ್ಬು, ಮೀಸೆ, ಕೈಕೂದಲಿನ ಮೇಲೆ ಹಚ್ಚುವ ಮುಂಚೆ ವ್ಯಾಸಲಿನ್ ತಿಕ್ಕಿ, ಇಲ್ಲದಿದ್ದರೆ ತೆಗೆಯುವಾಗ ಕೂದಲು ಸಮೇತ ಬರುತ್ತದೆ. ಜೆಲಟಿನ್ ಗಾಯ ನಮ್ಮ ಸೆಕೆಗೆ ಆಗುವುದಿಲ್ಲ. ಬೆಳಕಿನ ಎದುರು ಓಡಿ ಬೆವರಿದ ನಟನ ಕೆನ್ನೆಯಿಂದ ಅದು ಜಾರುತ್ತದೆ.

ಹಾಳೆ ಮುಟ್ಟಾಳೆ

ಕಲಾವಿಭಾಗದ ಕಡೆಯಿಂದ ಒಂದು ಎಚ್ಚರಿಕೆ. ಹಳೆ ಶಾಲೆಗಳಲ್ಲಿ ನೆಲ ರೆಡ್ ಆಕ್ಸೈಡು, ಗೋಡೆ ಮುರಕಲ್ಲು. ಕೆಂಪು ನೆಲದ ಮೇಲೆ ಕೆಂಪು ನೆತ್ತರು ಕಾಣ್ತದಾ? ಇಲ್ಲ. ನೀರು ಚೆಲ್ಲಿದ ಹಾಗೆ ಕಾಣ್ತದೆ. ಇದಕ್ಕೆ ದಾರಿ ಎರಡು. ಒಂದು, ನೆತ್ತರಿನ ಆಚೆ ಬದಿಯಿಂದ ನೆಲಮಟ್ಟಕ್ಕೆ ಬೆಳಕು ಇಟ್ಟು ಹೊಳಪು ತರುದು. ಎರಡನೆಯದು ನನಗೆ ಇಷ್ಟ. ಕೆಂಪು ಹೀರುವ ಬಿಳಿ ಸಾಮಾನು ನೆಲದಲ್ಲಿ ಇರ್ಬೇಕು. ಶಾಲೆಯಲ್ಲಿ ಅದಕ್ಕೆ ಬರ ಇಲ್ಲ. ಉತ್ತರ ಪತ್ರಿಕೆ, ಚೆಲ್ಲಿದ ಚಾಕ್ ಪುಡಿ, ಸಮವಸ್ತ್ರದ ಬಿಳಿ ಅಂಗಿ. ಪರೀಕ್ಷೆ ಕಾಗದಕ್ಕೆ ನೆತ್ತರು ನಿಧಾನ ಹಬ್ಬುವ ಒಂದು ಶಾಟು ಲೀಟರುಗಟ್ಟಲೆ ಸುರಿದದ್ದಕ್ಕಿಂತ ಗಟ್ಟಿ.

ನಿಜವಾದ ಗೋಡೆಗೆ ಒಂದು ತೊಟ್ಟೂ ಹಾರಿಸ್ಬೇಡಿ. ಮುರಕಲ್ಲು, ಸುಣ್ಣದ ಗೋಡೆ ಎರಡೂ ಬಣ್ಣ ಕುಡಿತದೆ, ಮತ್ತೆ ಹೋಗುದಿಲ್ಲ. 4 ಅಡಿಗೆ 3 ಅಡಿ ಪ್ಲೈವುಡ್ ಹಲಗೆಗೆ ಅದೇ ಗೋಡೆಯ ಬಣ್ಣ ಹೊಡೆದು ಎದುರು ನಿಲ್ಲಿಸಿ, ಚಿಮ್ಮುದು ಅದಕ್ಕೆ. ಚಿಮ್ಮಿಸ್ಲಿಕ್ಕೆ ಕೈಯಲ್ಲಿ ಒತ್ತುವ 2 ಲೀಟರಿನ ಸ್ಪ್ರೇಯರ್ ಸಾಕು, ಆದ್ರೆ ಹೊಸತೇ ಆಗ್ಬೇಕು. ಅಡಿಕೆಗೆ ಮದ್ದು ಬಿಟ್ಟ ಪಂಪು ಎಷ್ಟು ತೊಳೆದರೂ ಒಳಗೆ ಮೈಲುತುತ್ತು ಕೂತಿರ್ತದೆ. ಮುಖದ ಹತ್ತಿರ ಅದನ್ನು ತರುದೇ ತಪ್ಪು.

ಈಗ ಕತ್ತಿ. ಒಂದೇ ನಮೂನೆಯ ಮೂರು ಬೇಕು.

ಮೊದಲನೆಯದು ನಿಜವಾದ ಕಬ್ಬಿಣದ್ದು. ಮಸೆಗಲ್ಲಿಗೆ ಅಡ್ಡ ಹಿಡಿದು ಬಾಯಿ ಪೂರ್ತಿ ಮೊಂಡು ಮಾಡಿ, ತುದಿ ಉರುಟು ಮಾಡಿ. ಇದು ಕ್ಲೋಸಪ್ಪಿಗೆ ಮಾತ್ರ. ಚೌಕಟ್ಟಿನೊಳಗೆ ಬೇರೆ ಮನುಷ್ಯ ಇರುವ ಹೊತ್ತು ಇದು ಪೆಟ್ಟಿಗೆಯಿಂದ ಹೊರಗೇ ಬರ್ಬಾರ್ದು. ಎರಡನೆಯದು ಫೋಮಿಂದು. 6 ಮಿ.ಮೀ. ಇವಿಎ ಶೀಟಿನ ಎರಡು ಪದರ, ನಡುವೆ ಸಣ್ಣ ಪ್ಲಾಸ್ಟಿಕ್ ಪಟ್ಟಿ, ಹಿಡಿಯಿಂದ ಅರ್ಧದವರೆಗೆ ಮಾತ್ರ. ತುದಿಯವರೆಗೆ ಕೊಟ್ಟರೆ ಚುಚ್ಚುತ್ತದೆ, ಕೊಡದೇ ಇದ್ದರೆ ಬೀಸುವಾಗ ಬಾಳೆ ಎಲೆ ಹಾಗೆ ಅಲ್ಲಾಡ್ತದೆ. ಮೇಲೆ ನೀರು ಬೆರೆಸಿದ ಫೆವಿಕಾಲ್ ಮೂರು ಕೈ, ಆರಿದ ಮೇಲೆ ಕಪ್ಪು, ಅದರ ಮೇಲೆ ಸ್ಪಂಜಿನಲ್ಲಿ ಬೆಳ್ಳಿ ಬಣ್ಣ ತಟ್ಟುದು. ಬ್ರಶ್ಶಲ್ಲಿ ಎಳೆದರೆ ಆಟಿಕೆ ಹಾಗೆ ಕಾಣ್ತದೆ. ಓಡುದು, ಬೀಸುದು, ಬೀಳುದು ಎಲ್ಲ ಇದರಲ್ಲೇ. ಮೂರನೆಯದು ಅರೆಚಂದ್ರ ಕಡಿದ ಕತ್ತಿ. ಭುಜದ ಅಥವಾ ಕುತ್ತಿಗೆಯ ಉರುಟಿಗೆ ಕೂತುಕೊಳ್ಳುವ ಹಾಗೆ ಬಾಯಿಯಲ್ಲಿ ಕಚ್ಚು ತೆಗೆದದ್ದು, ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮಿನ ಹಲಗೆ) ಆದ್ರೂ ಆಗ್ತದೆ. ಕ್ಯಾಮರಾಕ್ಕೆ ಕಾಣದ ಬದಿಯಲ್ಲಿ ತೋಟದ ಡ್ರಿಪ್ಪಿನ 4 ಮಿ.ಮೀ. ಮೈಕ್ರೋಟ್ಯೂಬ್ ಅಂಟಿಸಿ, ತೋಳಿನೊಳಗೆ ಹಾಯಿಸಿ, ಆಚೆ ತುದಿಗೆ 60 ಮಿ.ಲೀ. ಸಿರಿಂಜ್. ಗ್ಲೂಕೋಸ್ ನೆತ್ತರು ಈ ನಳಿಗೆಗೆ ತೀರಾ ದಪ್ಪ ಆಗ್ತದೆ, ಮೂರು ಪಾಲಿಗೆ ಒಂದು ಪಾಲು ನೀರು ಸೇರಿಸಿ. ಕೋಕೋ ಗಂಟು ಸಿಕ್ಕಿದರೆ ನಳಿಗೆ ಕಟ್ಟಿ ಸಿರಿಂಜಿನ ಕೊಂಡಿ ಹಾರ್ತದೆ, ಹಾಗಾಗಿ ಬಟ್ಟೆಯಲ್ಲಿ ಸೋಸಿ. ಒತ್ತುವವರು ಕೊಲೆಗಾರ ಅಲ್ಲ, ಚೌಕಟ್ಟಿನ ಹೊರಗೆ ಕೂತ ಇನ್ನೊಬ್ಬರು.

ಸಮವಸ್ತ್ರ ಕಣ್ಣೆದುರು ಸಾಯುವ ಇಬ್ಬರಿಗೆ ತಲಾ ಮೂರು ಜೊತೆ, ಉಳಿದವರಿಗೆ ಎರಡು.

ಬಾಯಾರು ಭಾವ

ಮುಖವಾಡದ ಬಗ್ಗೆ ಯಾರೂ ಹೇಳ್ಲಿಲ್ಲ. ಭೂತದ ಮೊಗ ಇಟ್ಟರೆ ನಮ್ಮ ಊರಿನವರಿಗೆ ಹೆದರಿಕೆ ತನ್ನಿಂದ ತಾನೇ ಬರ್ತದೆ.

ಟೀಚರ್ 671

ದಯವಿಟ್ಟು ಅದನ್ನು ಮಾಡಬೇಡಿ. ಭೂತದ ಮೊಗ, ತೆಯ್ಯದ (ಮಲಯಾಳ ಬದಿಯ ದೈವಾರಾಧನೆ) ಮುಖವರ್ಣಿಕೆ ಕೊಲೆಗಾರನಿಗೆ ಕೊಟ್ಟರೆ ಅದನ್ನು ಕಟ್ಟುವ ಸಮುದಾಯದವರನ್ನೇ ಕೊಲೆಗಾರನ ಸಾಲಿಗೆ ನಿಲ್ಲಿಸಿದ ಹಾಗೆ. ಜನ ನಂಬಿ ಕೈಮುಗಿಯುವುದನ್ನು ಹೆದರಿಸುವ ಉಪಕರಣ ಮಾಡುವುದು ಸರಿಯಲ್ಲ. ಯಕ್ಷಗಾನದ ಬಣ್ಣದ ವೇಷದ ಚುಟ್ಟಿಗೂ (ಮುಖದ ಉಬ್ಬು ಚುಕ್ಕೆಯ ಅಲಂಕಾರ) ಇದೇ ಮಾತು. ಕಥೆಗೆ ಅದರ ಅಗತ್ಯವೂ ಇಲ್ಲ.

ಹಾಳೆ ಮುಟ್ಟಾಳೆ

ಟೀಚರ್ ಹೇಳಿದ್ದು ನೂರಕ್ಕೆ ನೂರು. ಮುಖವಾಡ ಖಾಲಿ ಇದ್ದಷ್ಟು ಹೆದರಿಕೆ ಹೆಚ್ಚು. 1978ರ ‘ಹ್ಯಾಲೋವೀನ್’ಗೆ ಬಳಸಿದ್ದು ಅಂಗಡಿಯಲ್ಲಿ ಮಾರುವ ಕ್ಯಾಪ್ಟನ್ ಕರ್ಕ್ (‘ಸ್ಟಾರ್ ಟ್ರೆಕ್’ ಧಾರಾವಾಹಿಯ ನಾಯಕ) ಮುಖವಾಡ. ಬಿಳಿ ಬಣ್ಣ ಹೊಡೆದು, ಕಣ್ಣಿನ ತೂತು ದೊಡ್ಡ ಮಾಡಿ, ಕೂದಲು ತಿದ್ದಿದ್ರು, ಅಷ್ಟೆ. ನಮ್ಮಲ್ಲಿ ಅಡಿಕೆ ಹಾಳೆ ಉಂಟು, ಅದರ ಒಳಮೈಯ ಆ ಮಾಸಲು ಬಿಳಿ, ಉದ್ದುದ್ದ ಗೆರೆ, ಯಾವ ಬಣ್ಣವೂ ಬೇಡ.

ಕಲೆ ಇಲ್ಲದ ಅಗಲದ ಹಾಳೆ ಆರಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ. ಆವೆ ಮಣ್ಣಲ್ಲಿ ಮುಖದ ಅಚ್ಚು ಮಾಡಿ ಒಣಗಿಸಿಟ್ಟಿರ್ಬೇಕು. ಹಾಳೆಯ ನಾರು ಹಣೆಯಿಂದ ಗಲ್ಲಕ್ಕೆ ಬರುವ ಹಾಗೆ ಹೊದೆಸಿ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು, ನೆರಳಲ್ಲಿ ಒಂದು ದಿನ, ಬಿಸಿಲಲ್ಲಿ ಅರ್ಧ ದಿನ. ಹಾಳೆ ಅಡ್ಡಕ್ಕೂ ಉದ್ದಕ್ಕೂ ಒಟ್ಟಿಗೆ ಹಿಗ್ಗುದಿಲ್ಲ, ಮೂಗು ಎಬ್ಬಿಸ್ಲಿಕ್ಕೆ ನೋಡಿದರೆ ನಾರಿನ ಉದ್ದಕ್ಕೆ ಸೀಳ್ತದೆ. ಮೂಗಿನ ಇಬ್ಬದಿ ಸಣ್ಣ ಕಚ್ಚು ಕೊಟ್ಟು ದಪ್ಪ ನೂಲಲ್ಲಿ ಹೊಲಿಯಿರಿ, ಆ ಹೊಲಿಗೆಯೇ ಚೆಂದ ಕಾಣ್ತದೆ. ಕಣ್ಣಿನ ತೂತು ಬೇಕೆಂದು ತೋರಿದ್ದಕ್ಕಿಂತ ದೊಡ್ಡದೇ ಮಾಡಿ, ಸುತ್ತಲಿನ ಚರ್ಮಕ್ಕೆ ಕಪ್ಪು ಹಚ್ಚಿದರೆ ಕತ್ತಲೆ ಹಾಗೆ ಕಾಣ್ತದೆ, ನಟನಿಗೂ ಮೆಟ್ಟಿಲು ಕಾಣ್ತದೆ. ಮೂಗಿನ ಕೆಳಗೆ ಉಸಿರಿಗೆ ನಾಲ್ಕು ತೂತು. ಒಣಗಿದ ಹಾಳೆಯ ಅಂಚು ಹರಿತ, ಬಟ್ಟೆಯ ಟೇಪು ಸುತ್ತಿ. ವಾರ್ನಿಶ್ ಕೊಡ್ಬೇಡಿ, ಬೆಳಕಿಗೆ ಹೊಳಿತದೆ. ಒಂದು ಒಡೆದರೆ ಇರ್ಲಿ ಹೇಳಿ ಮೂರು ಮಾಡಿ.

ಟೀಚರ್ 671

ಅನುಮತಿ ಮತ್ತು ಕಥೆ, ಎರಡರ ಬಗ್ಗೆಯೂ ಹೇಳುವೆ.

ಅನುದಾನಿತ ಶಾಲೆಯಾದರೆ ಮ್ಯಾನೇಜರ್ ಮತ್ತು ಮುಖ್ಯೋಪಾಧ್ಯಾಯರು, ಇಬ್ಬರ ಲಿಖಿತ ಅನುಮತಿ. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಮೂಲಕ ಶಿಕ್ಷಣ ಇಲಾಖೆಗೆ ಅರ್ಜಿ, ಪಿಟಿಎಗೆ (ಹೆತ್ತವರ-ಅಧ್ಯಾಪಕರ ಸಂಘ) ಮಾಹಿತಿ. ಅರ್ಜಿಯಲ್ಲಿ ‘ಕಿರುಚಿತ್ರ’ ಎಂದು ಮಾತ್ರ ಬರೆದು ಒಳಗೆ ಕೊಲೆ ಚಿತ್ರೀಕರಿಸುವುದು ನಂಬಿಕೆದ್ರೋಹ. ಕಥೆಯ ಒಂದು ಪುಟದ ಸಾರಾಂಶ ಲಗತ್ತಿಸಿ, ಶಾಲೆಯ ಹೆಸರಿನ ಫಲಕ, ಲಾಂಛನ, ನಿಜವಾದ ಸಮವಸ್ತ್ರದ ಬಣ್ಣ ಯಾವುದೂ ಕಾಣುವುದಿಲ್ಲ ಎಂದು ಬರೆದುಕೊಡಿ. ಪೊಲೀಸ್ ಠಾಣೆಗೆ ದಿನಾಂಕ, ಸಮಯ, ಜನರ ಸಂಖ್ಯೆ ಬರೆದ ಪತ್ರ, ಅದರ ನಕಲಿಗೆ ಮೊಹರು. ಸುತ್ತಲಿನ ಮನೆಗಳಿಗೆ ಹೋಗಿ ಬಾಯಾರೆ ತಿಳಿಸಿ. ರಾತ್ರಿ ಒಂದಕ್ಕೆ ಹುಡುಗಿಯ ಕಿರುಚಾಟ ಕೇಳಿದರೆ ಒಳ್ಳೆಯ ನೆರೆಕರೆಯವರು ಟಾರ್ಚು ಹಿಡಿದು ಓಡಿ ಬರುತ್ತಾರೆ. ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷಿದ್ಧ, ಮೆಗಾಫೋನಿನಲ್ಲಿ ‘ಆ್ಯಕ್ಷನ್’ ಕೂಗುವ ಅಭ್ಯಾಸ ಬೇಡ.

ನಟರು 18 ತುಂಬಿದವರೇ ಇರಲಿ. ಪ್ಲಸ್ ಟು (12ನೇ ತರಗತಿ) ವಿದ್ಯಾರ್ಥಿಗಳಾಗಿ 19–20ರವರು ಸಲೀಸಾಗಿ ಕಾಣುತ್ತಾರೆ. ತಮ್ಮನೋ ತಂಗಿಯೋ ಆಗಿ 14ರೊಳಗಿನ ಮಗು ಇದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ನಿಮ್ಮ ಕಥೆಯಲ್ಲಿ ಅಂಥ ಪಾತ್ರ ಇದ್ದರೆ ತೆಗೆದುಬಿಡಿ.

ಕಥೆಗೆ ಬಂದರೆ, ಈ ಮಕ್ಕಳು ರಾತ್ರಿ ಶಾಲೆಯಲ್ಲಿ ಏಕೆ ಇದ್ದಾರೆ? ‘ಬೆಟ್ ಕಟ್ಟಿ ಬಂದರು’ ಎಂಬುದನ್ನು ಯಾರೂ ನಂಬುವುದಿಲ್ಲ. ನಮ್ಮಲ್ಲಿ ನಿಜವಾದ ಕಾರಣವೇ ಇದೆ. ಪ್ಲಸ್ ವನ್, ಪ್ಲಸ್ ಟು ಮಕ್ಕಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸಪ್ತದಿನ ಶಿಬಿರ ಕ್ರಿಸ್ಮಸ್ ರಜೆಯಲ್ಲಿ ಬೇರೊಂದು ಶಾಲೆಯಲ್ಲಿ ನಡೆಯುತ್ತದೆ, ಮಕ್ಕಳು ಅಲ್ಲೇ ಉಳಿಯುತ್ತಾರೆ. ಕೊನೆಯ ರಾತ್ರಿ, ಹೆಚ್ಚಿನವರು ಹೋಗಿ ಆಗಿದೆ, ಪಾತ್ರೆ ತೊಳೆದು ಕೊಟ್ಟು ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋಗಲಿರುವ ಏಳು ಮಂದಿ. ಮತ್ತೆ ನೀವು ಕೇಳಿದ ಶಾಲೆಯಲ್ಲಿ ಅದೇ ದಿನಗಳಲ್ಲಿ ನಿಜವಾದ ಶಿಬಿರ ಇದೆಯೇ ಎಂದು ಮೊದಲೇ ವಿಚಾರಿಸಿ.

ಇನ್ನೊಂದು. ನಮ್ಮ ಮಕ್ಕಳು ತರಗತಿಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಬಸ್ಸಲ್ಲಿ ಮಲಯಾಳ ಮಾತಾಡುವವರು. ಎಲ್ಲರ ಬಾಯಿಗೂ ಒಂದೇ ಬೆಂಗಳೂರು ಕನ್ನಡ ತುರುಕಬೇಡಿ. ನೋವಾದಾಗ ಬಾಯಿಂದ ಬರುವುದು ಮನೆಮಾತು. ಮುಖವಾಡದವನ ಕೈಗೆ ಏಟು ಬಿದ್ದಾಗ ‘ಅಪ್ಪೇ’ (ತುಳುವಿನಲ್ಲಿ ಅಮ್ಮಾ) ಎಂದು ಒಂದೇ ಒಂದು ಸಲ ಕೂಗಿದರೆ, ಏಳರಲ್ಲಿ ತುಳು ಮನೆಯವರು ಯಾರೆಂದು ನೋಡುವವರು ಲೆಕ್ಕ ಹಾಕಲು ತೊಡಗುತ್ತಾರೆ. ಸುಳಿವಿಗೆ ಇದಕ್ಕಿಂತ ಕಮ್ಮಿ ಖರ್ಚಿನ ದಾರಿ ಇಲ್ಲ.

ಬೆಳಕು ಬಾಗಿಲು

ಮುರಕಲ್ಲು ಬೆಳಕನ್ನು ನುಂಗುತ್ತದೆ. ಸುಣ್ಣ ಬಳಿದ ಗೋಡೆಗೆ ಹೋಲಿಸಿದರೆ ಸುಮಾರು ಎರಡು ಸ್ಟಾಪು ಕಮ್ಮಿ, ಅಂದರೆ ಕಾಲು ಪಾಲು ಬೆಳಕು ಮಾತ್ರ ಎಂದು ಹಿಡಿಯಿರಿ. ಎಲ್ಲರೂ ಮಾಡುವ ತಪ್ಪು ಎಂದರೆ ಗೋಡೆ ಕಾಣುವುದಿಲ್ಲ ಎಂದು ಎದುರಿನಿಂದ ಬೆಳಕು ಹೆಚ್ಚಿಸುವುದು. ಮುಖ ಸುಣ್ಣದ ಹಾಗಾಗುತ್ತದೆ, ಗೋಡೆ ಆಗಲೂ ಕಪ್ಪೇ. ಗೋಡೆಗೆ ಪಕ್ಕದಿಂದ ಉಜ್ಜಿದಂತೆ ಬೆಳಕು ಬಿಡಿ, ಕಲ್ಲಿನ ಒಂದೊಂದು ತೂತೂ ನೆರಳು ಹಿಡಿದು ಎದ್ದು ನಿಲ್ಲುತ್ತದೆ.

ಇರುವ ಎರಡು ದೀಪದಲ್ಲಿ ಒಂದು ಚಂದ್ರ, ಇನ್ನೊಂದು ಬಾಗಿಲು. ಚಂದ್ರನದು ಪಾತ್ರದ ಹಿಂದೆ, ಓರೆಗೆ, 12–14 ಅಡಿ ಎತ್ತರದಲ್ಲಿ. ಸ್ಟ್ಯಾಂಡ್ ಸಾಲದಿದ್ದರೆ ಅಡಿಕೆ ಮರದ ಕಂಬ ಹೂತು ಕಟ್ಟಬಹುದು, ದೀಪಕ್ಕೆ ಎರಡನೆಯ ಹಗ್ಗ ಇರಲೇಬೇಕು. ದೀಪ 5600 ಕೆಲ್ವಿನ್, ಕ್ಯಾಮರಾದ ವೈಟ್ ಬ್ಯಾಲೆನ್ಸ್ 4000–4300. ಹದವಾದ ನೀಲಿ ಬರುತ್ತದೆ. 3200ಕ್ಕೆ ಇಳಿಸಿದರೆ ಜಾತ್ರೆ ದೀಪದ ನೀಲಿ. ಈ ನೀಲಿಯಲ್ಲಿ ನೆತ್ತರು ಕಪ್ಪಾಗಿ ಕಾಣುತ್ತದೆ, ಹಾಗಾಗಿ ಹೊರಗಿನ ದೃಶ್ಯಕ್ಕೆ ಕೋಕೋ ಅರ್ಧ ಮಾಡಿ, ನೀಲಿ ತೊಟ್ಟು ಬಿಡಿ ಎಂದು ಪೆಟ್ಟಿಗೆಯವರಲ್ಲಿ ಕೇಳಿಕೊಳ್ಳುತ್ತೇನೆ. ಎರಡನೆಯ ದೀಪ ಜಗಲಿಯ ಕೊನೆಯ ತರಗತಿಯ ಒಳಗಿರಲಿ, ಬಾಗಿಲು ಅರೆ ತೆರೆದು. ನೆಲಕ್ಕೆ ಬೀಳುವ ಆ ಒಂದು ಪಟ್ಟಿ ಬೆಳಕೇ ಇಡೀ ಜಗಲಿಯ ಆಳ ಹೇಳುತ್ತದೆ. ಕೊಲೆಗಾರ ಅದನ್ನು ದಾಟಿದರೆ ಸಾಕು, ಬೇರೆ ಪ್ರವೇಶ ಬೇಡ.

ಸೆಕೆಂಡಿಗೆ 25 ಫ್ರೇಮಾದರೆ ಶಟರ್ 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್. 1/60 ಇಟ್ಟರೆ ಟ್ಯೂಬ್‌ಲೈಟು ಮಿನುಗುತ್ತದೆ, ಅಗ್ಗದ ಎಲ್‌ಇಡಿ ಬಲ್ಬಿಗೆ ಪಟ್ಟೆ ಬೀಳುತ್ತದೆ. ಅಂಗಳಕ್ಕೆ ನೀರು ಹೊಡೆದರೆ ಹಿಂದಿನ ಬೆಳಕು ನೆಲದಲ್ಲಿ ಹೊಳೆದು ರಾತ್ರಿಗೆ ಜೀವ ಬರುತ್ತದೆ, ಆದರೆ ಮುರ ಮಣ್ಣು ಬೇಗ ಕುಡಿಯುತ್ತದೆ, ಅರ್ಧ ಗಂಟೆಗೊಮ್ಮೆ ಮತ್ತೆ ಹೊಡೆಯಬೇಕು. ನಟ ಓಡುವ ದಾರಿ ಮಾತ್ರ ಒಣಗಿರಲಿ. ನಡುರಾತ್ರಿ ಕಳೆದ ಮೇಲೆ ಇಬ್ಬನಿ ಇಳಿದು ಲೆನ್ಸಿನ ಗಾಜು ಮಬ್ಬಾಗುತ್ತದೆ. ಶಾಟಿನ ನಡುವೆ ಒಣ ಬಟ್ಟೆ ಮುಚ್ಚಿ, ಬಾಯಿಂದ ಊದಬೇಡಿ.

ಹೊಗೆ ಬೇಕಾದರೆ ಕೋಣೆಯೊಳಗೆ ಮಾತ್ರ, ಅಂಗಳದಲ್ಲಿ ಗಾಳಿ ಒಯ್ಯುತ್ತದೆ. ತೆಂಗಿನ ಸಿಪ್ಪೆಯ ಹೊಗೆಗೆ ಎಲ್ಲರ ಕಣ್ಣು ಕೆಂಪಾಗಿ ಮರುಶಾಟಿಗೆ ಹೊಂದುವುದಿಲ್ಲ. ಯಂತ್ರ ತರುವುದಾದರೆ 400 ವಾಟಿನ ಸಣ್ಣದು. ಶಾಲೆಯ ಗೋಡೆಯ ಸಾಕೆಟ್ 6 ಆಂಪಿಯರಿನದ್ದು, ಹಳೆ ವೈರಿಂಗಿನಲ್ಲಿ 1000 ವಾಟಿನ ಮೇಲೆ ಹೋಗಬೇಡಿ. 1500 ವಾಟಿನ ಹೊಗೆಯಂತ್ರ ಬಿಸಿಯಾಗುವ ಹೊತ್ತಿಗೆ ಫ್ಯೂಸು ಹೋಗಲೂಬಹುದು. ನೆತ್ತರು, ನೀರು ಇರುವ ಸೆಟ್ಟು, ಆದ್ದರಿಂದ ಎಕ್ಸ್‌ಟೆನ್ಶನ್ ಬಾಕ್ಸು ಬೆಂಚಿನ ಮೇಲೆ, ನೆಲದಲ್ಲಲ್ಲ.

ಚೆಂಡೆ ಪೆಟ್ಟು

ಇಷ್ಟೆಲ್ಲ ಆದರೂ ಸದ್ದಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಚಿತ್ರ ಸ್ವಲ್ಪ ಮಂದವಾದರೆ ಜನ ನೋಡ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ. 1.5 ಲಕ್ಷದಲ್ಲಿ 25 ಸಾವಿರ ಸದ್ದಿಗೆ ತೆಗೆದಿಡಿ ಎನ್ನುದು ನನ್ನ ಗಟ್ಟಿ ಅಭಿಪ್ರಾಯ.

ಜಾಗದಿಂದ ಶುರು ಮಾಡುವ. ಮಂಜೇಶ್ವರ, ಉಪ್ಪಳ, ಕುಂಬಳೆಯ ಪಡುಬದಿ ಆದ್ರೆ ರೈಲು, ಹೆದ್ದಾರಿ ಎರಡೂ ರಾತ್ರಿಯಿಡೀ. ಮುಳ್ಳೇರಿಯ ಕಡೆ ಆ ತೊಂದರೆ ಇಲ್ಲ. ಆದ್ರೆ ದೀಪಾವಳಿಯಿಂದ ಪತ್ತನಾಜೆವರೆಗೆ (ಮೇ ಕೊನೆಯವರೆಗೆ) ಆಟದ ಕಾಲ. ಮೈಲು ದೂರದ ಗದ್ದೆಯಲ್ಲಿ ಯಕ್ಷಗಾನ ಇದ್ದರೂ ಚೆಂಡೆ ನಿಮ್ಮ ಮೈಕಿಗೆ ಬರ್ತದೆ. ಸುತ್ತಲಿನ ಆಟ, ಕೋಲ, ಜಾತ್ರೆಯ ತಾರೀಕು ಮೊದಲೇ ಬರೆದಿಟ್ಟು, ಆ ರಾತ್ರಿಗೆ ಮಾತಿಲ್ಲದ ಶಾಟು ಹಾಕಿಕೊಳ್ಳಿ.

ಹಂಚಿನ ಕೋಣೆಗೂ ಕಾಂಕ್ರೀಟು ಕೋಣೆಗೂ ಸದ್ದು ಬೇರೆಯೇ. ಕಾಂಕ್ರೀಟಿನಲ್ಲಿ ಮಾತು ಗುಂಯ್‌ಗುಡ್ತದೆ. ಶಿಬಿರದ ಚಾಪೆ, ಜಮಖಾನೆ ಕ್ಯಾಮರಾದ ಹಿಂದೆ ನೇತುಹಾಕಿ. ಪ್ರತಿ ಕೋಣೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡಿ, ಜೀರುಂಡೆ ಸಮೇತ. ಕತ್ತಿ ಇಳಿಯುವ ಮೊದಲಿನ ಎರಡು ಸೆಕೆಂಡು ಮೌನಕ್ಕೆ ಇದನ್ನೇ ಹಾಕುದು. ಪೂರ್ತಿ ಸೊನ್ನೆ ಮಾಡಿದರೆ ಸ್ಪೀಕರು ಕೆಟ್ಟಿತೋ ಎಂದು ಅನಿಸ್ತದೆ. ಜೀರುಂಡೆ ಫಕ್ಕನೆ ನಿಂತರೆ ಮಾತ್ರ ಮೈ ಜುಮ್ ಅನ್ನುದು.

ಕಿರುಚುವ ಶಾಟಿಗೆ ರೆಕಾರ್ಡಿಂಗಿನ ಗೇನ್ (ಸದ್ದು ಹಿಡಿಯುವ ಮಟ್ಟ) ಮೊದಲೇ ಇಳಿಸಿ. ಅತಿ ಜೋರಿನ ಕೂಗು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟಬಾರದು. ಒಡೆದ ಕೂಗನ್ನು ಆಮೇಲೆ ಯಾರಿಂದಲೂ ಸರಿಮಾಡ್ಲಿಕ್ಕೆ ಆಗುದಿಲ್ಲ. ಒಬ್ಬರಿಗೆ ರಾತ್ರಿಗೆ ನಾಲ್ಕೈದು ಪೂರ್ಣ ಕೂಗು, ಅದಕ್ಕಿಂತ ಹೆಚ್ಚಾದರೆ ಗಂಟಲು ಕಟ್ಟಿ ಮರುದಿನದ ಮಾತು ಹೋಯಿತು. ರಿಹರ್ಸಲ್‌ಗೆ ಬಾಯಿ ಮಾತ್ರ ತೆರೆದರೆ ಸಾಕು. ಆ ರಾತ್ರಿಯ ಕೊನೆಗೆ, ಚಿತ್ರ ಇಲ್ಲದೆ ಕೂಗು ಮಾತ್ರ ಎರಡು ಸಲ ತೆಗೆದಿಡಿ.

ಇರಿಯುವ ಸದ್ದು ಅಡುಗೆಕೋಣೆಯಲ್ಲಿ ಉಂಟು. 1960ರ ‘ಸೈಕೋ’ಗೆ ಕರಬೂಜದ ಜಾತಿಯ ಹಣ್ಣಿಗೆ ಚೂರಿ ಹಾಕಿ ಸದ್ದು ತೆಗೆದದ್ದು. ನಮಗೆ ಬಾಳೆದಿಂಡು ಅದಕ್ಕಿಂತ ಒಳ್ಳೆಯದು, ಒದ್ದೆಯೂ ಉಂಟು, ನಾರು ಹರಿಯುವ ಸದ್ದೂ ಉಂಟು. ಮಂಗಳೂರು ಸೌತೆಗೆ ಇರಿದರೆ ಟೊಳ್ಳು ಪೆಟ್ಟು, ಎದೆಗೆ ಆಗ್ತದೆ. ಎಲುಬು ಮುರಿಯುದಕ್ಕೆ ನಾಲ್ಕು ನುಗ್ಗೆಕಾಯಿ ಒಟ್ಟಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮುರಿಯಿರಿ. ತಲೆಗೆ ಬಿದ್ದ ಏಟಿಗೆ ಬೊಂಡಕ್ಕೆ (ಎಳನೀರಿಗೆ) ಕತ್ತಿಯ ಹಿಂಬದಿಯಿಂದ ಹೊಡೆಯುದು. ಪ್ರತಿ ಪೆಟ್ಟಿಗೆ ಮೂರು ಪದರ: ಬಟ್ಟೆ ಬೀಸಿದ ಗಾಳಿ, ತಾಗಿದ ಸದ್ದು, ಒದ್ದೆ ಸದ್ದು. ತಾಗಿದ ಸದ್ದು ಸರಿಯಾಗಿ ಶಾಟು ಕಟ್ ಆಗುವಲ್ಲಿ ಕೂರ್ಬೇಕು, ಒದ್ದೆಯದ್ದು ಎರಡು ಮೂರು ಫ್ರೇಮು ಬಿಟ್ಟು.

ಸಂಕಲನದಲ್ಲೂ ಅದೇ ಲೆಕ್ಕ. ಕತ್ತಿ ಎತ್ತಿದ್ದು ಒಂದು ಸೆಕೆಂಡಿಗೆ ತುಸು ಕಮ್ಮಿ, ಇಳಿದದ್ದು 6 ಫ್ರೇಮು, ತಾಗುದು ಚೌಕಟ್ಟಿನ ಹೊರಗೆ, ಕೂಡಲೇ ಬೆಂಚು ಹಿಡಿದ ಬೆರಳುಗಳು. ಕತ್ತಿ ಮೈಗೆ ತಾಗಿದ ಒಂದು ಶಾಟು ಇಲ್ಲದೆಯೂ ಜನ ‘ನೋಡಿದೆ’ ಎಂದು ಹೇಳ್ತಾರೆ.

ಕುಂಬಳೆ ಕಟ್ಟೆ

ಅಪಾಯದ ಸಂಗತಿ ಚುಟುಕಾಗಿ ಹೇಳ್ತೇನೆ. ಈ ನಮೂನೆ ಸಿನಿಮಾದಲ್ಲಿ ‘ಬಿಡು, ನಿಲ್ಲಿಸು, ಸಾಕು’ ಎಲ್ಲ ಡೈಲಾಗಿನಲ್ಲೇ ಇರ್ತದೆ. ಹಾಗಾಗಿ ನಿಜವಾಗಿ ನೋವಾದರೆ ಕೂಗ್ಲಿಕ್ಕೆ ಕಥೆಯಲ್ಲಿ ಇಲ್ಲದ ಒಂದು ಪದ ಬೇಕು. ‘ಗೋಳಿಬಜೆ’ ಹೇಳಿ ಇಟ್ಟುಕೊಳ್ಳಿ, ಅದು ಕೇಳಿದ ಕೂಡಲೇ ಎಲ್ಲರೂ ನಿಲ್ಲಬೇಕು. ಓಡುವ ದೃಶ್ಯಕ್ಕೆ ಬರಿಗಾಲು ಬೇಡ, ಮುರಕಲ್ಲಿನ ಹುಡಿ ಜಾರ್ತದೆ, ಚೂರು ಕಾಲು ಕೊಯ್ಯುತ್ತದೆ. ಅಂಗಳದ ಬಾವಿಗೆ ದಂಡೆ ಇದ್ದರೂ ಹಲಗೆ ಮುಚ್ಚಿ. ಹಂಚು, ಸೌದೆ ರಾಶಿ ಇರುವ ಮೂಲೆಗೆ ಹಗಲು ಒಮ್ಮೆ ಕೋಲು ಹಾಕಿ ನೋಡಿ, ಹಾವು ಚೇಳು ಇರುವ ಜಾಗ ಅದು. ಸುರಂಗ, ಮುರಕಲ್ಲು ಕಡಿದ ಕೋರೆ ಹತ್ತಿರ ಇದ್ದರೆ ಎಷ್ಟು ಚೆಂದ ಕಂಡರೂ ರಾತ್ರಿ ಒಳಗೆ ಹೋಗ್ಬೇಡಿ. ಮನೆಗೆ ಹೋಗುವ ಬೈಕು ಸವಾರರಿಗೆ ಬೆಳಿಗ್ಗೆ ನಾಲ್ಕಕ್ಕೆ ನಿದ್ದೆ ತೂಗ್ತದೆ, ಬೆಳಕಾಗುವವರೆಗೆ ಅಲ್ಲೇ ಮಲಗಿಸಿ. ಇದಕ್ಕೂ ಚಾಪೆ ಬೇಕು.

ಪೆರ್ಲ ಪೇಟೆ

ಎಲ್ಲರಿಗೂ ಮನಸಾರೆ ವಂದನೆ. ಕಥೆ ತಿದ್ದಿ ಆಯಿತು: ಶಿಬಿರದ ಕೊನೆಯ ರಾತ್ರಿ, ಕಣ್ಣೆದುರು ಎರಡು ಕೊಲೆ, ಒಂದು ಸ್ಟಾಫ್‌ರೂಮಿನ ಬಾಗಿಲಾಚೆ, ಹಾಳೆಯ ಮುಖವಾಡ, ‘ಅಪ್ಪೇ’ ಸುಳಿವು. ನೆತ್ತರಿನ ಶಾಟು ನಾಲ್ಕು, ಐದು ಮತ್ತು ಆರನೆಯ ರಾತ್ರಿಗೆ ಮಾತ್ರ. ಎರಡು ಸಂಶಯ ಉಳಿದಿದೆ. ಸೆನ್ಸಾರ್ ಬೇಕೇ? ಶೂಟಿಂಗಿಗೆ ಮೊದಲು ಪರೀಕ್ಷೆ ಮಾಡುವುದಾದರೆ ಏನನ್ನು?

ಕುಂಬಳೆ ಕಟ್ಟೆ

ಯೂಟ್ಯೂಬಿಗೆ ಮಾತ್ರ ಆದ್ರೆ ಸೆನ್ಸಾರ್ ಸರ್ಟಿಫಿಕೇಟ್ ಬೇಡ. ಆದ್ರೆ ನೆತ್ತರು ಹೆಚ್ಚಿದ್ದರೆ 18ರ ಮೇಲ್ಪಟ್ಟವರಿಗೆ ಮಾತ್ರ ಎಂದು ಯೂಟ್ಯೂಬಿನವರು ಕಟ್ಟು ಹಾಕ್ತಾರೆ, ನೋಡುವವರು ಕಮ್ಮಿ ಆಗ್ತಾರೆ. ಥಂಬ್‌ನೈಲಿನಲ್ಲಿ ನೆತ್ತರು ಬೇಡ, ಹಾಳೆಯ ಮುಖ ಸಾಕು. ಟಾಕೀಸಿನಲ್ಲಿ ಜನರಿಗೆ ತೋರಿಸುದಾದ್ರೆ ಬೇಕು. 2023ರ ತಿದ್ದುಪಡಿ ಆದ ಮೇಲೆ ಯುಎ ವರ್ಗದಲ್ಲಿ (ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡುವುದು) 7, 13, 16 ಎಂದು ಮೂರು ವಯಸ್ಸು ಉಂಟು. ಕೇರಳದ ಪ್ರಾದೇಶಿಕ ಕಚೇರಿ ತಿರುವನಂತಪುರದಲ್ಲಿ, ಕರ್ನಾಟಕದ್ದು ಬೆಂಗಳೂರಲ್ಲಿ.

ಬೆಳಕು ಬಾಗಿಲು

ಪರೀಕ್ಷೆಗೆ ಒಂದು ಸಂಜೆ ಸಾಕು, ಅದೇ ಶಾಲೆಯಲ್ಲಿ ಆಗಬೇಕು. ಬಿಳಿ ಅಂಗಿಯ ನಾಲ್ಕು ತುಂಡಿಗೆ ನಾಲ್ಕು ಬಗೆಯ ನೆತ್ತರು ಹಚ್ಚಿ: ಪೂರ್ತಿ ಕೋಕೋ, ಅರ್ಧ, ಇಲ್ಲದ್ದು, ಮೈದಾದ್ದು. ಪ್ರತಿಯೊಂದನ್ನೂ ಚಂದ್ರನ ನೀಲಿಯಲ್ಲಿ, ಟ್ಯೂಬ್‌ಲೈಟಿನಲ್ಲಿ, ಬಾಗಿಲಿನ ಬೆಳಕಿನಲ್ಲಿ ಹತ್ತು ಹತ್ತು ಸೆಕೆಂಡು ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ, ಒಣಗಿದ್ದು ಹೇಗೆ ಕಾಣುತ್ತದೆ ನೋಡಲು. ಮುಖವಾಡ ಹಾಕಿಸಿ ಜಗಲಿಯಲ್ಲಿ ಒಬ್ಬರನ್ನು ನಡೆಸಿ, ಯಾವ ಹೆಜ್ಜೆಗೆ ಕಾಣಿಸಿ ಯಾವ ಹೆಜ್ಜೆಗೆ ಮಾಯವಾಗುತ್ತಾರೆಂದು ನೆಲದಲ್ಲಿ ಚಾಕಿನಿಂದ ಗುರುತು ಹಾಕಿ. ಕ್ಲಿಪ್ಪುಗಳನ್ನು ಬಣ್ಣ ತಿದ್ದದೆ ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ.

ಬಣ್ಣದ ಪೆಟ್ಟಿಗೆ

ಆ ಅಂಗಿ ತುಂಡುಗಳನ್ನು ಬಿಸಾಡಬೇಡಿ. ಅದೇ ರಾತ್ರಿ ತಣ್ಣೀರಿನಲ್ಲಿ ತೊಳೆದು ಯಾವುದರ ಕಲೆ ಹೋಯಿತು, ಯಾವುದರದು ಉಳಿಯಿತು ಎಂದು ಬರೆದಿಡಿ. ಮೂರು ಜೊತೆ ಸಮವಸ್ತ್ರ ಸಾಕೋ, ನಾಲ್ಕು ಬೇಕೋ ಎಂದು ಅದರಿಂದಲೇ ಗೊತ್ತಾಗುವುದು.